ಬಾಗ್ಲ ಉಜ್ಜಿನಪ್ಪ ಮತ್ತು ಮಲ್ಲಿಗೆಯ ಕೋಣೆ

ಕೊಟ್ಟೂರಿನಲ್ಲಿ ಉಜ್ಜಿನಪ್ಪನ ಮನೆ ಎಲ್ಲಿ ಎಂದು ಕೇಳಿದರೆ 'ಯಾವ ಉಜ್ಜಿನಪ್ಪ?' ಎಂದು ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಆ ಊರಲ್ಲಿ ಕಲ್ಲೆಸೆದರೆ ಒಬ್ಬ ಕೊಟ್ರೇಶನಿಗೆ ತಾಗುತ್ತದೆ, ಗುರಿ ತಪ್ಪಿದರೆ ಒಬ್ಬ ಉಜ್ಜಿನಪ್ಪನಿಗೆ. 'ಬಾಗ್ಲ ಉಜ್ಜಿನಪ್ಪ' ಎಂದರೆ ಮಾತ್ರ ಕೈ ಮಾಡಿ ತೋರಿಸುತ್ತಾರೆ. ಅವನೇನು ಬಡಗಿಯಲ್ಲ. ಬೆರಳಿಟ್ಟರೆ ತೆರೆಯುವ ಬಾಗಿಲುಗಳನ್ನು ಕೂಡಿಸುವುದು ಅವನ ಕಸುಬು.

ಮೊದಲು ಅವನದು ಟೇಪ್ ರೆಕಾರ್ಡರ್, ಟಿವಿ ರಿಪೇರಿ ಅಂಗಡಿ. ಟೇಪು ಹೋಯಿತು, ಡಬ್ಬಿ ಟಿವಿ ಹೋಯಿತು, ಅವುಗಳ ಹಿಂದೆಯೇ ಅಂಗಡಿಯೂ ಹೋಯಿತು. ತಲೆ ಮೇಲೆ ಕೈ ಹೊತ್ತು ಕೂರುವ ಪೈಕಿಯಲ್ಲ ಅವನು. ದಾವಣಗೆರೆಯ ಷಡ್ಡಕನ ಹತ್ತಿರ ಕೂತು ಈ ಹೊಸ ವಿದ್ಯೆ ಕಲಿತು ಬಂದ. ಈಗ ಕೂಡ್ಲಿಗಿಯ ಗೋದಾಮು, ಹರಪನಹಳ್ಳಿಯ ಹಾಸ್ಟೆಲ್ಲು, ಕೊಟ್ಟೂರಿನ ಎಣ್ಣೆ ಮಿಲ್ಲು, ಹಗರಿಬೊಮ್ಮನಹಳ್ಳಿಯ ಒಂದು ಪತ್ತಿನ ಸಂಘ, ಹಿರೇಹಡಗಲಿಯ ಮಲ್ಲಿಗೆ ಬೆಳೆಗಾರರ ಸಂಘ, ಎಲ್ಲದರ ಬಾಗಿಲೂ ಅವನ ಸುಪರ್ದಿ. ಬೈಕಿನ ಹಿಂದೆ ಸಾಮಾನಿನ ಚೀಲ, ಕೊರಳಲ್ಲಿ ಲಿಂಗದ ದಾರ, ಅದರ ಪಕ್ಕದಲ್ಲೇ ಇನ್ನೊಂದು ದಾರಕ್ಕೆ ಕಟ್ಟಿದ ಪೆನ್ ಡ್ರೈವು. ಎರಡನ್ನೂ ಮಲಗುವಾಗಲೂ ತೆಗೆಯುತ್ತಿರಲಿಲ್ಲ.

ಪೆನ್ ಡ್ರೈವಿನಲ್ಲಿ ಇದ್ದದ್ದು ಆ ಬಾಗಿಲುಗಳ ಜೀವ. ಬಾಗಿಲ ಪಕ್ಕದ ಗೋಡೆಗೆ ಅಂಗೈಯಗಲದ ಕರಿ ಮಷೀನು ಇರುತ್ತದೆ, ನೋಡಿರುತ್ತೀರಿ. ಯಾರ ಬೆರಳಿಗೆ ತೆರೆಯಬೇಕು, ಒಬ್ಬರ ಬೆರಳು ಸಾಕೋ ಇಬ್ಬರದು ಬೇಕೋ, ಒಳಗಿನಿಂದ ಗುಂಡಿ ಒತ್ತಿದರೆ ಬಿಡಬೇಕೋ ಬೇಡವೋ, ಇಂಟರ್ನೆಟ್ ತಂತಿಯಾಚೆ ಯಾವ ಊರಿನ ಯಾವ ಕಂಪ್ಯೂಟರಿನ ಮಾತು ಕೇಳಬೇಕು, ಎಲ್ಲ ಅದರ ಹೊಟ್ಟೆಯಲ್ಲಿರುತ್ತದೆ. ಇಷ್ಟನ್ನೂ ಒಂದು ಫೈಲು ಮಾಡಿ ಹೊರಗೆ ತೆಗೆದಿಟ್ಟುಕೊಂಡರೆ ಅದು ಬ್ಯಾಕಪ್ಪು. ಸಿಡಿಲು ಹೊಡೆದೋ ವೋಲ್ಟೇಜು ಹೆಚ್ಚಾಗಿಯೋ ಮಷೀನಿನ ತಲೆ ಕೆಟ್ಟರೆ, ಆ ಫೈಲನ್ನು ವಾಪಸು ತುಂಬಿದರಾಯಿತು, ಮಷೀನು ಮೊದಲಿನಂತೆ. ಅವನ ಹೆಂಡತಿ ಕೊಟ್ರಮ್ಮ ಇದನ್ನು ಒಂದೇ ಸಲಕ್ಕೆ ಅರ್ಥ ಮಾಡಿಕೊಂಡಿದ್ದಳು. 'ಹೆಪ್ಪು ಎತ್ತಿಟ್ಟಂಗ ಅನ್ರಿ,' ಅಂದಿದ್ದಳು.

ಇನ್ನು ಆ ಫೈಲಿಗೆ ಹೆಸರಿಡುವ ವಿಚಾರ. ಉಜ್ಜಿನಪ್ಪನ ಅಪ್ಪನದು ಕಿರಾಣಿ ಅಂಗಡಿ. ಎರಡು ಸೇರು ಬೆಲ್ಲದ ಚೀಟಿಯಾದರೂ ಸರಿ, ನೆತ್ತಿಯ ಮೇಲೆ ದೇವರ ಹೆಸರಿಲ್ಲದೆ ಆ ಮನುಷ್ಯ ಪೆನ್ಸಿಲ್ ಊರುತ್ತಿರಲಿಲ್ಲ. ಮಗನಿಗೂ ಅದೇ ರೂಢಿ. ಕೊಟ್ಟೂರಿನವರನ್ನು ಕೇಳಿದರೆ ಇದರಲ್ಲೇನು ವಿಶೇಷ ಎನ್ನುತ್ತಾರೆ. ಅಲ್ಲಿ ಟ್ರ್ಯಾಕ್ಟರಿನ ಮುಂದೆ, ಚಾದಂಗಡಿಯ ಬೋರ್ಡಿನ ಮೇಲೆ, ಬೋರ್‌ವೆಲ್ ಲಾರಿಯ ನೆತ್ತಿಗೆ, ಎಲ್ಲ ಕಡೆ ಮೊದಲು 'ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ', ಆಮೇಲೆ ಉಳಿದದ್ದು. ಉಜ್ಜಿನಪ್ಪನ ಪ್ರತಿ ಬ್ಯಾಕಪ್ಪಿನ ಹೆಸರೂ ಹಾಗೇ: ಮೊದಲು ಗುರುವಿನ ಪೂರ್ತಿ ಹೆಸರು, ಕೊನೆಗೆ ಊರು. ಕಂಪ್ಯೂಟರಿನ ಪರದೆಯಲ್ಲಿ ಅದು ಪೂರ್ತಿ ಕಾಣುತ್ತದೆ. ಮಷೀನಿನ ಗೇಣುದ್ದವೂ ಇಲ್ಲದ ಪರದೆಯಲ್ಲಿ ಮೊದಲ ಒಂದಿಷ್ಟು ಅಕ್ಷರ ಮಾತ್ರ ಕಾಣುತ್ತವೆ. ಅಲ್ಲಿ ಸಾಲಾಗಿ ಗುರುವೇ ಕಾಣುತ್ತಾನೆ, ಊರು ಒಂದೂ ಇಲ್ಲ. ಉಜ್ಜಿನಪ್ಪನಿಗೆ ಇದೊಂದು ತೊಡಕು ಎಂದು ಯಾವತ್ತೂ ಅನ್ನಿಸಿರಲಿಲ್ಲ. ಮೇಲಿಂದ ಎಷ್ಟನೆಯದು ಯಾವುದು ಎನ್ನುವುದು ಅವನಿಗೆ ಬಾಯಿಪಾಠ.

ಆ ಬುಧವಾರ ಸಂಜೆ ಅವನು ಹಗರಿಬೊಮ್ಮನಹಳ್ಳಿಯ ಪತ್ತಿನ ಸಂಘದಲ್ಲಿದ್ದ. ಜನ ಅಡವಿಟ್ಟ ಬಂಗಾರದ ಸ್ಟ್ರಾಂಗ್ ರೂಮಿಗೆ ಮಷೀನು ಬಿಗಿ ಮಾಡಿಸಬೇಕೆಂದು ಮ್ಯಾನೇಜರ್ ಸೋಮಶೇಖರ್ ಕರೆಸಿದ್ದರು. ಈ ಸೋಮಶೇಖರ್ ಹಾಲು ಕುಡಿಯುವಾಗಲೂ ಊದಿ ಕುಡಿಯುವವರಲ್ಲ, ಸೋಸಿ ಆಮೇಲೆ ಊದಿ ಕುಡಿಯುವವರು. ತಾನು ಮತ್ತು ಕ್ಯಾಶಿಯರ್ ಶಿವಶಂಕರ ಇಬ್ಬರೂ ಬೆರಳಿಟ್ಟರೆ ಮಾತ್ರ ಬಾಗಿಲು ತೆರೆಯಬೇಕು. ಕಂಪ್ಯೂಟರಿನಿಂದ ತೆರೆಯಬೇಕಾದರೂ ಇಬ್ಬರ ಗುಪ್ತಪದ ಬೇಕು. ಕಳ್ಳ ಒಳಗೇ ಅಡಗಿ ಕೂತರೆ ಹೊರಗೆ ಬರಬಾರದು, ಆದ್ದರಿಂದ ಒಳಗಿನ ಗುಂಡಿ ಬಂದ್. ಕೊನೆಗೆ ಅವರು, 'ಮಷೀನಿನ ಯಜಮಾನಿಕೆ ನನ್ನ ಬೆರಳಿಗೆ ಮಾತ್ರ ಇರ್ಲಿ ಉಜ್ಜಿನಪ್ಪಾರ. ನಿಮ್ಮದನ್ನೂ ತೆಗೆದುಬಿಡ್ರಿ. ತಪ್ಪು ತಿಳೀಬ್ಯಾಡ್ರಿ,' ಅಂದರು. ಉಜ್ಜಿನಪ್ಪ ನಕ್ಕು ತನ್ನ ಬೆರಳನ್ನು ಅಳಿಸಿದ. ಬ್ಯಾಕಪ್ಪು ತೆಗೆದ. ಗುರುವಿನ ಹೆಸರು ಬರೆದ.

ಮರುದಿನ ಹಿರೇಹಡಗಲಿಯಿಂದ ಫೋನು ಬಂತು. ಮಲ್ಲಿಗೆ ಸಂಘದ ಕಾರ್ಯದರ್ಶಿ ಸುಮಲತಾ ಮಾತಾಡಿದಳು. ವೋಲ್ಟೇಜು ಏರಿಳಿದು ಫ್ರಿಜ್ ಕೋಣೆಯ ಮಷೀನು ಕೆಟ್ಟಿದೆ, ಯಾರು ಬೆರಳಿಟ್ಟರೂ ಬಾಗಿಲು ತೆರೆಯುತ್ತಿದೆ, ಮದುವೆ ಸೀಜನ್ನಿನ ಹೂವು ತುಂಬಿದೆ, ಬೇಗ ಬರ್ರಿ ಎಂದಳು. ಮಧ್ಯಾಹ್ನದ ಹೊತ್ತಿಗೆ ಉಜ್ಜಿನಪ್ಪ ಅಲ್ಲಿದ್ದ.

ಆ ಕೋಣೆಯ ನಿಜವಾದ ಒಡತಿ ಯಾರೆಂದರೆ ಈರಕ್ಕ. ಮೊಗ್ಗಿನ ಬುಟ್ಟಿ ಒಳಗಿಡುವುದು, ಹಳೆಯದನ್ನು ಹೊರಗೆ ತೆಗೆಯುವುದು ಅವಳ ಕೆಲಸ. ಅವಳಿಗೆ ದಮ್ಮು ಇತ್ತು. ತಣ್ಣನೆ ಗಾಳಿ ಕುಡಿದರೆ ಎದೆ ಕಟ್ಟುತ್ತಿತ್ತು. ಹಾಗೆಂದು ಕೆಲಸ ಬಿಟ್ಟಿರಲಿಲ್ಲ. ಉಸಿರು ಬಿಗಿಹಿಡಿದು ಒಳಗೆ ಹೋಗಿ, ಬುಟ್ಟಿ ಇಟ್ಟು, ಗುಂಡಿ ಒತ್ತಿ ಹೊರಗೆ ಬಂದು ಉಸಿರು ಬಿಡುತ್ತಿದ್ದಳು. ದಮ್ಮಿನ ಪಂಪು ಹೊರಗೆ ಮೊಳೆಗೆ ಹಾಕಿದ ಅವಳ ಚೀಲದಲ್ಲಿರುತ್ತಿತ್ತು.

'ಅಣ್ಣಾರ, ಲಗೂನ ಮಾಡ್ರಿ. ಬಾಗ್ಲ ತೆರೆದಿಟ್ರ ಹೂವು ಅರಳಿಬಿಡ್ತಾವು,' ಅಂದಳು ಈರಕ್ಕ.

'ಚಾ ಬರೂದ್ರೊಳಗ ಮುಗೀತೈತಿ ಬಿಡವ್ವ,' ಅಂದ ಉಜ್ಜಿನಪ್ಪ.

ಹಾಗೇ ಆಯಿತು. ಮಷೀನನ್ನು ಪೂರ್ತಿ ಅಳಿಸಿದ, ಪೆನ್ ಡ್ರೈವು ಚುಚ್ಚಿದ. ಪರದೆಯಲ್ಲಿ ಐದು ಸಾಲು, ಐದರಲ್ಲೂ ಗುರು. ಈ ತಿಂಗಳು ಕೊನೆಗೆ ತೆಗೆದ ಬ್ಯಾಕಪ್ಪು ಹಿರೇಹಡಗಲಿಯದು, ಕೊನೆಗೆ ತೆಗೆದದ್ದು ಎಲ್ಲಕ್ಕಿಂತ ಮೇಲೆ ಕೂರುತ್ತದೆ ಎಂದು ಅವನ ಬಾಯಿಪಾಠ ಹೇಳಿತು. ಹಿಂದಿನ ಸಂಜೆಯದನ್ನು ಅದಕ್ಕೆ ಇನ್ನೂ ಸೇರಿಸಿರಲಿಲ್ಲ. ಮೇಲಿನದನ್ನು ಒತ್ತಿದ. 'ಯಶಸ್ವಿ' ಎಂದು ಬಂತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಒಂದು ಬೆರಳಿಟ್ಟು ನೋಡಿದ್ದರೆ ತಿಳಿಯುತ್ತಿತ್ತು. ನೋಡಲಿಲ್ಲ. ಬಾಗಿಲಿಗೆ ಬುಟ್ಟಿ ಅಡ್ಡ ಇಟ್ಟು ತೆರೆದೇ ಇಟ್ಟಿದ್ದರು, ಹೂವು ಒಳಗೆ ಹೋಗುತ್ತಲೇ ಇತ್ತು, ಚಹಾ ಬಂತು. ಕುಡಿದ, ಬೈಕು ಹತ್ತಿದ.

ಊರ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದಾಗ ಸುಮಲತಾಳ ಫೋನು ಮತ್ತೆ ಬಂತು.

'ಉಜ್ಜಿನಪ್ಪಾರ, ಈರಕ್ಕ ಒಳಗ ಅದಾಳ. ಅಡ್ಡ ಇಟ್ಟ ಬುಟ್ಟಿ ತೆಗೆದ್ವಿ, ಬಾಗ್ಲ ಹಾಕ್ಕೊಂತು, ತೆರೀವಲ್ದು.'

'ಬೆರಳಿಡ್ರಿ.'

'ಇಟ್ಟೆ. ಯಾರೋ ಅಪರಿಚಿತರು ಅನ್ನತೈತಿ. ನನ್ನ ಬೆರಳಿಗೇ ಅನ್ನತೈತಿ.'

'ಒಳಗಿಂದ ಗುಂಡಿ ಒತ್ತಾಕ ಹೇಳ್ರಿ.'

'ಒತ್ತಾಕತ್ಯಾಳ. ಏನೂ ಆಗವಲ್ದು.'

ಉಜ್ಜಿನಪ್ಪ ಪೆಟ್ರೋಲ್ ಹಾಕುತ್ತಿದ್ದವನಿಗೆ ಸಾಕು ಎಂದು ಕೈ ಮಾಡಿದ. ಗುಂಡಿ ಕೆಲಸ ಮಾಡದ ಬಾಗಿಲು ಅವನ ಐದು ಊರಿನಲ್ಲಿ ಒಂದೇ ಒಂದು ಇತ್ತು. ನಿನ್ನೆ ಸಂಜೆ ಅದನ್ನು ಬಂದ್ ಮಾಡಿದ ಬೆರಳು ಇನ್ನೂ ಅವನ ಕೈಯಲ್ಲೇ ಇತ್ತು. ಮೇಲೆ ಕೂತ ಗುರು ಹಿರೇಹಡಗಲಿಯವನಲ್ಲ, ಹಗರಿಬೊಮ್ಮನಹಳ್ಳಿಯವನು. ಮಲ್ಲಿಗೆ ಕೋಣೆಗೆ ಅವನು ಬಂಗಾರದ ಕೋಣೆಯ ಜೀವ ತುಂಬಿ ಬಂದಿದ್ದ.

ಬೈಕು ಹೇಗೆ ತಿರುಗಿಸಿದನೋ, ಪೆಟ್ರೋಲಿನ ಮುಚ್ಚಳ ಎಲ್ಲಿ ಬಿದ್ದಿತೋ ಅವನಿಗೆ ತಿಳಿಯದು. ಅಲ್ಲಿಗೆ ಹೋಗುವಷ್ಟರಲ್ಲಿ ಜನ ಸೇರಿದ್ದರು. ಒಬ್ಬ ಸುತ್ತಿಗೆಯಿಂದ ಬಾಗಿಲು ಹೊಡೆಯುತ್ತಿದ್ದ. ಉಕ್ಕಿನ ತಗಡು ಅಲ್ಲಲ್ಲಿ ನೆಗ್ಗಿತ್ತು, ಅಷ್ಟೇ. ಸುಮಲತಾ ಕೋಣೆಯ ತಂಪು ಮಾಡುವ ಯಂತ್ರವನ್ನು ಆಗಲೇ ನಿಲ್ಲಿಸಿದ್ದಳು. ಆದರೆ ಅಷ್ಟು ದಪ್ಪ ಗೋಡೆಯೊಳಗೆ ಕೂತ ತಂಪು ಅಷ್ಟು ಬೇಗ ಹೋಗುವಂಥದ್ದಲ್ಲ. ವೆಲ್ಡಿಂಗಿನ ಪಾಲಯ್ಯ ಬೇರೆ ಊರಿಗೆ ಹೋಗಿದ್ದ, ಅವನನ್ನು ಕರೆತರಲು ಬೈಕು ಹೋಗಿತ್ತು.

ಉಜ್ಜಿನಪ್ಪ ತನ್ನ ಬೆರಳಿಟ್ಟ. 'ಅಪರಿಚಿತ ವ್ಯಕ್ತಿ' ಎಂದಿತು ಮಷೀನು. ಅವನೇ ತಂದದ್ದು, ಅವನೇ ಗೋಡೆಗೆ ಕೂಡಿಸಿದ್ದು, ಅವನೇ ಮಾತು ಕಲಿಸಿದ್ದು. ಮತ್ತೆ ಒರೆಸಿ ಇಟ್ಟ. 'ಅಪರಿಚಿತ ವ್ಯಕ್ತಿ.' ಮಷೀನನ್ನು ಮತ್ತೆ ಅಳಿಸಬೇಕೆಂದರೆ ಯಜಮಾನನ ಬೆರಳು ಬೇಕು, ಆ ಯಜಮಾನರು ತಾಸಿಗೂ ಮಿಕ್ಕಿದ ದಾರಿಯಾಚೆ ಕುರ್ಚಿಯಲ್ಲಿ ಕೂತಿದ್ದರು. ಕರೆಂಟು ತೆಗೆದರೂ ಪ್ರಯೋಜನವಿಲ್ಲ. ಕರೆಂಟು ಹೋದರೂ ಬಿಗಿಯಾಗಿ ನಿಲ್ಲುವ ಕೊಂಡಿಯನ್ನು, ಕಳ್ಳರಿಗೆ ಸಿಗಬಾರದೆಂದು, ಅವನೇ ಹಟ ಹಿಡಿದು ಹಾಕಿಸಿದ್ದ. ಕೊಂಡಿಗೆ ತಂತಿ ಹೋಗುವ ಪೆಟ್ಟಿಗೆಯನ್ನೂ ಅದೇ ಜಾಣತನದಿಂದ ಒಳಗಿನ ಗೋಡೆಗೆ ಬಡಿದಿದ್ದ. ಒಂದೊಂದು ದಾರಿ ನೆನಪಾದಾಗಲೂ ಆ ದಾರಿಯ ಬಾಯಿಗೆ ಅವನೇ ಮುಳ್ಳು ಹಾಕಿದ್ದು ನೆನಪಾಯಿತು. ಒಳ್ಳೆಯ ಕೆಲಸಗಾರ ಎಂದು ಊರೆಲ್ಲ ಹೊಗಳಿದ್ದು ಇದಕ್ಕೇ.

ಬಾಗಿಲಿಗೆ ಕಿವಿ ಹಚ್ಚಿದ. ಒಳಗೆ ತಟ್ಟುವ ಸದ್ದು. ನಡುವೆ ಕೆಮ್ಮು.

'ಈರಕ್ಕ, ನಾನವ್ವ, ಉಜ್ಜಿನಪ್ಪ. ತೆಗೀತೀನಿ. ಕೂತ್ಕೋ. ಸೀರಿ ಸೆರಗು ಬಾಯಿಗೆ ಹಿಡ್ಕೊ.'

ತಟ್ಟುವುದು ಮಾತ್ರ ಬಂತು, ಮೊದಲಿಗಿಂತ ನಿಧಾನವಾಗಿ.

ಆಗ ಅವನಿಗೆ ಒಂದು ಹೊಳೆಯಿತು. ಈ ಮಷೀನು ಈಗ ತನ್ನನ್ನು ಸ್ಟ್ರಾಂಗ್ ರೂಮು ಎಂದುಕೊಂಡಿದೆ. ಹಾಗಾದರೆ ಅದು ಮಾತು ಕೇಳುವುದೂ ಸೋಮಶೇಖರರ ಕಂಪ್ಯೂಟರಿನದನ್ನೇ. ಅವರು ಅಲ್ಲಿಂದ 'ತೆರೆ' ಎಂದರೆ ಇದು ತೆರೆಯಬೇಕು. ಫೋನು ಹಚ್ಚಿದ.

'ಸಾಹೇಬ್ರ, ಕೈ ಮುಗೀತೀನಿ, ನೀವು ಮತ್ತ ಶಿವಶಂಕರಪ್ಪ ಕೂಡಿ ಕಂಪ್ಯೂಟರಿನಿಂದ ಸ್ಟ್ರಾಂಗ್ ರೂಮ್ ತೆಗೀರಿ. ಈಗಿಂದೀಗ.'

ಸೋಮಶೇಖರರು ಬಹಳ ಸಮಾಧಾನದಿಂದ, 'ಯಾರ್ರಿ ನೀವು?' ಎಂದರು.

'ನಾ ಉಜ್ಜಿನಪ್ಪ ರೀ.'

'ದನಿ ಉಜ್ಜಿನಪ್ಪಂದ ಐತಿ. ದನೀನ ಈಗ ಯಾರ್ ಬೇಕಾದ್ರೂ ಮಾಡ್ತಾರ. ನಿನ್ನೆ ಬಂದು ಮಷೀನು ಬಿಗಿ ಮಾಡಿಹೋದಾವ ಇವತ್ತು ಬಾಗ್ಲ ತೆಗೀರಿ ಅಂತಾನೇನು. ಪೊಲೀಸರು ಇದನ್ನ ಹೇಳ್ಯಾರ ನಮಗ.' ಫೋನು ಇಟ್ಟರು.

ಅವರ ತಪ್ಪೇನಿತ್ತು? ಊರಿನ ಹೆಣ್ಣುಮಕ್ಕಳ ತಾಳಿಸರ ಕಾಯುವ ಮನುಷ್ಯ ಇನ್ನೇನು ಹೇಳಬೇಕಿತ್ತು? ಇದು ಉಜ್ಜಿನಪ್ಪನಿಗೂ ಗೊತ್ತಿತ್ತು. ಗೊತ್ತಿದ್ದರೂ ಬಿಡುವಂತಿರಲಿಲ್ಲ. ಮತ್ತೆ ಹಚ್ಚಿದ, ಈ ಸಲ ಮುಖ ಕಾಣುವ ಹಾಗೆ. ತನ್ನ ಮುಖ ತೋರಿಸಿದ, ಜನರನ್ನು ತೋರಿಸಿದ, ನೆಗ್ಗಿದ ಬಾಗಿಲನ್ನು ತೋರಿಸಿದ. ಮಾತು ತೊದಲಿತು. ಸುಮಲತಾ ಅವನ ಕೈಯಿಂದ ಫೋನು ಕಸಿದುಕೊಂಡಳು.

'ಸಾರ್, ನಾನು ಯಾರು ಅನ್ನೂದು ಬಿಡ್ರಿ. ಇದನ್ನ ಕೇಳ್ರಿ,' ಎಂದು ಫೋನನ್ನು ಬಾಗಿಲಿಗೆ ಒತ್ತಿ ಹಿಡಿದಳು.

ಒಳಗಿನ ಕೆಮ್ಮು ಎಲ್ಲರಿಗೂ ಕೇಳಿತು. ದಮ್ಮಿನವರ ಕೆಮ್ಮನ್ನು ಯಾವ ಕಳ್ಳನೂ ಹಾಗೆ ನಟಿಸಲಾರ. ಅದು ನಿಂತು, ಒಂದು ಎಳೆತದ ಸಿಳ್ಳೆಯಂಥ ಸದ್ದಾಗಿ, ಮತ್ತೆ ನಿಂತಿತು.

'ಶಿವಶಂಕರ, ಬಾ ಇಲ್ಲಿ,' ಎಂದು ಸೋಮಶೇಖರರು ಕರೆದದ್ದು ಕೇಳಿಸಿತು. ಆಮೇಲೆ, 'ಉಜ್ಜಿನಪ್ಪಾರ, ನಾ ಒತ್ತಿದ್ರ ಯಾವ ಬಾಗ್ಲ ತೆರೀತೈತಿ? ನಿಮ್ಮದೋ ನಮ್ಮದೋ?'

ಉಜ್ಜಿನಪ್ಪನಿಗೆ ಸುಳ್ಳು ಹೇಳಬೇಕೆನ್ನಿಸಿತು. ಹೇಳಲಿಲ್ಲ. 'ಗೊತ್ತಿಲ್ರಿ,' ಎಂದ.

ಇಬ್ಬರೂ ಗುಪ್ತಪದ ಹಾಕಿದರು, ಒತ್ತಿದರು. ಹಿರೇಹಡಗಲಿಯಲ್ಲಿ ಎಲ್ಲರೂ ಉಸಿರು ಹಿಡಿದು ಬಾಗಿಲನ್ನೇ ನೋಡಿದರು. ಏನೂ ಆಗಲಿಲ್ಲ. ಆದರೆ ಫೋನಿನೊಳಗೆ, ಹಗರಿಬೊಮ್ಮನಹಳ್ಳಿಯಲ್ಲಿ, ಟಕ್ ಎಂದಿತು. ಶಿವಶಂಕರ 'ಅಯ್ಯಯ್ಯೋ' ಎಂದು ಓಡಿದ ಸದ್ದು. ಬಂಗಾರದ ಕೋಣೆ ಹಾಡಹಗಲಲ್ಲಿ ಬಾಯಿ ತೆರೆದು ನಿಂತಿತ್ತು.

'ಏನ್ ಮಾಡಿಸಿದ್ರಿ ನನ್ನ ಕಡಿಂದ,' ಎಂದರು ಸೋಮಶೇಖರರು.

ಉಜ್ಜಿನಪ್ಪನಿಗೆ ಆಗ ತಿಳಿಯಿತು. ಒಂದೇ ಹೆಸರಿನ ಇಬ್ಬರನ್ನು ಕರೆದರೆ ಹತ್ತಿರದವನು ಓಗೊಡುತ್ತಾನೆ. ಕಂಪ್ಯೂಟರಿನ ಮಗ್ಗುಲಲ್ಲೇ ಇದ್ದ ಮಷೀನು ಮೊದಲು ಓಗೊಟ್ಟಿತ್ತು. ಹಾಗಾದರೆ ಅದರ ಬಾಯಿ ಕಟ್ಟಬೇಕು.

'ಸಾಹೇಬ್ರ, ಬೈಯೂದಿದ್ರ ಆಮ್ಯಾಲೆ ಬೈರಿ. ನಿಮ್ಮ ಮಷೀನಿನ ಕೆಳಗ ಇಂಟರ್ನೆಟ್ಟಿನ ನೀಲಿ ತಂತಿ ಐತಿ, ಅದನ್ನ ಜಗ್ಗಿ ಕಿತ್ತುಬಿಡ್ರಿ. ಕಿತ್ತು ಇನ್ನೊಮ್ಮಿ ಒತ್ರಿ.'

'ತೆರೆದ ಬಾಗ್ಲದ ಮುಂದ ನಿಂತು ತಂತಿ ಕೀಳಂತೀರಲ್ರಿ,' ಎಂದರು ಸೋಮಶೇಖರರು. ಅಷ್ಟು ವರ್ಷ ಹಾವೂ ಸಾಯದಂತೆ ಕೋಲೂ ಮುರಿಯದಂತೆ ನಡೆದುಕೊಂಡು ಬಂದ ಮನುಷ್ಯ. ಶಿವಶಂಕರನನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ, ತಾನೇ ಬಗ್ಗಿ ತಂತಿ ಕಿತ್ತರು. ಆಮೇಲೆ ಕಂಪ್ಯೂಟರಿಗೆ ಹೋಗಿ ತನ್ನ ಗುಪ್ತಪದ ಹಾಕಿದರು, ಶಿವಶಂಕರ ಅಲ್ಲಿಂದಲೇ ತನ್ನದನ್ನು ಕೂಗಿ ಹೇಳಿದ. ಒತ್ತಿದರು.

ಹಿರೇಹಡಗಲಿಯ ಬಾಗಿಲು ಟಕ್ ಎಂದಿತು.

ಬಿಳಿ ಮಂಜಿನ ಜೊತೆ ಮಲ್ಲಿಗೆಯ ವಾಸನೆ ಗಪ್ಪೆಂದು ಹೊರಗೆ ನುಗ್ಗಿತು. ಈರಕ್ಕ ಬುಟ್ಟಿಗಳ ನಡುವೆ ಗೋಡೆಗೆ ಒರಗಿ ಕೂತಿದ್ದಳು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಣ್ಣು ತೆರೆದೇ ಇದ್ದವು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಸುಮಲತಾ ಅವಳ ಚೀಲದಿಂದ ಪಂಪು ತೆಗೆದು ಬಾಯಿಗೆ ಹಿಡಿದಳು. ಒಂದು ಸಲ ಒತ್ತಿದಳು, ಉಸಿರು ಒಳಗೆ ಹೋಗಲಿಲ್ಲ. ಇನ್ನೊಂದು ಸಲ. ಮೂರನೆಯ ಸಲಕ್ಕೆ ಈರಕ್ಕನ ಎದೆ ಎದ್ದಿತು. ಉಜ್ಜಿನಪ್ಪ ಹೊಸ್ತಿಲ ಮೇಲೆ ಕುಕ್ಕರಿಸಿದ. ಹಲ್ಲು ಕಟಕಟ ಎನ್ನತೊಡಗಿದವು, ಅವನೇನು ಒಳಗೆ ಇದ್ದವನಲ್ಲ.

ಈರಕ್ಕನನ್ನು ತಾಲ್ಲೂಕಿನ ಆಸ್ಪತ್ರೆಗೆ ಒಯ್ದರು. ಬದುಕಿದಳು. ಉಜ್ಜಿನಪ್ಪ ಮನೆಗೆ ಹೋಗಿ ಕೊಟ್ರಮ್ಮನಿಗೆ ಎಲ್ಲ ಹೇಳಿದ. ಅವಳು ಕೇಳುತ್ತಲೇ ತಾಟು ಹಾಕಿ ಬಡಿಸಿದಳು. ಕೊನೆಗೆ, 'ಗುರು ಏನ್ ನನ್ನ ಹೆಸರು ಮೊದ್ಲ ಬರಿ ಅಂತ ಕೂತಿದ್ನೇನು? ಊರಿನ ಹೆಸರು ಮೊದ್ಲ ಬರೆದಿದ್ರ ಆತ ಸಿಟ್ಟಾಗ್ತಿದ್ನ?' ಎಂದಳು. ಅವನು ಊಟ ಮಾಡದೆ ಎದ್ದ.

ಸೋಮಶೇಖರರು ಅವನ ಮೇಲೆ ದೂರು ಕೊಡಲಿಲ್ಲ. ಬಂಗಾರವನ್ನೆಲ್ಲ ತೂಗಿ ನೋಡಿ, ಎಲ್ಲ ಸರಿಯಿದೆ ಎಂದಮೇಲೆ, ಇನ್ನು ಮುಂದೆ ಬೇರೆಯವರನ್ನು ಕರೆಸುತ್ತೇವೆ ಎಂದಷ್ಟೇ ಹೇಳಿದರು. ಅವನು ಅದನ್ನು ತಲೆ ಬಗ್ಗಿಸಿ ಕೇಳಿದ.

ವಾರವಾದ ಮೇಲೆ ಉಜ್ಜಿನಪ್ಪ ಮತ್ತೆ ಹಿರೇಹಡಗಲಿಗೆ ಹೋದ. ಈ ಸಲ ಯಾವ ಫೈಲನ್ನೂ ತುಂಬಲಿಲ್ಲ. ಒಬ್ಬೊಬ್ಬರನ್ನೇ ಕರೆದು, ಒಂದೊಂದೇ ಬೆರಳು ಇಡಿಸಿ ಹೊಸದಾಗಿ ಬರೆದ. ಕರೆಂಟು ಹೋದರೆ ತಾನಾಗಿ ಬಿಟ್ಟುಕೊಳ್ಳುವ ಬೇರೆ ಕೊಂಡಿ ಹಾಕಿದ. ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ನೋಡಿದ. ಸುಮಲತಾಳೂ ಒತ್ತಿ ನೋಡಿದಳು. ಒತ್ತಿದಾಗಲೆಲ್ಲ ಕೊಂಡಿ ಬಿಟ್ಟಿತು. ಆಯಿತು, ಇನ್ನು ಬಾಗಿಲು ಹಾಕಬಹುದು ಎಂದಳು ಸುಮಲತಾ.

ಈರಕ್ಕ ಅಂದೇ ಕೆಲಸಕ್ಕೆ ಮರಳಿದ್ದಳು. ಇಷ್ಟು ಹೊತ್ತೂ ದೂರ ಕೂತು ನೋಡುತ್ತಿದ್ದವಳು ಎದ್ದು ಬಂದಳು. ದನಿ ಇನ್ನೂ ಒಡೆದಿತ್ತು.

'ಬಾಗ್ಲ ತೆರೆದಿಟ್ಕೊಂಡು ಒತ್ತಿದ್ರ ಏನ್ ತಿಳೀತೈತ್ರಿ ಅಣ್ಣಾರ. ಒಳಗ ಹೋಗ್ರಿ. ನಾ ಹೊರಗಿಂದ ಹಾಕ್ತೀನಿ.'

ಉಜ್ಜಿನಪ್ಪ ನಗಲು ನೋಡಿದ. ಅವಳು ನಗಲಿಲ್ಲ. ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಬಾಗಿಲು ಹಾಕಿಕೊಂಡಿತು, ಕೊಂಡಿ ಬಿತ್ತು.

ಇಷ್ಟು ವರ್ಷ ಇಷ್ಟು ಬಾಗಿಲು ಕೂಡಿಸಿದ್ದ. ಆ ಸದ್ದನ್ನು ಒಳಗಿನಿಂದ ಕೇಳಿದ್ದು ಇದೇ ಮೊದಲು. ಹೊರಗಿನವರ ಮಾತು ಕತ್ತರಿಸಿದಂತೆ ನಿಂತಿತು. ಬೆಳಕು ಮಂಕಾಗಿತ್ತು, ಅಂಗಾಲಿನಿಂದ ತಂಪು ಏರತೊಡಗಿತು. ಗುಂಡಿಯ ಸುತ್ತ ಬಣ್ಣ ಕಿತ್ತುಹೋಗಿತ್ತು. ಉಗುರಿನ ಗೀರುಗಳು ಮೇಲಿನಿಂದ ಕೆಳಗಿನವರೆಗೆ ಇದ್ದವು, ಕೂತ ಮೇಲೂ ಕೈ ಚಾಚಿ ಗೀರಿದಂತೆ. ಬುಡದಲ್ಲಿ ಹಸಿರು ಬಳೆಯ ಚೂರುಗಳಿದ್ದವು, ಅಲ್ಲಿಯ ತನಕ ಯಾರೂ ಗುಡಿಸಿರಲಿಲ್ಲ. ತಾನೇ ಹಾಕಿದ ಗುಂಡಿ, ತಾನೇ ಈಗ ಒತ್ತಿ ನೋಡಿದ ಗುಂಡಿ. ಆದರೂ ಬೆರಳು ಮೇಲೇಳಲಿಲ್ಲ. ಒತ್ತಿ, ತೆರೆಯದಿದ್ದರೆ? ಇದನ್ನು ಈರಕ್ಕ ಎಷ್ಟು ಸಲ ಕೇಳಿಕೊಂಡಳೋ ಎಂದು ಅವನಿಗೆ ಆಗ ಅನ್ನಿಸಿತು.

ಎಡಗೈಯಿಂದ ಬಲಗೈ ಹಿಡಿದು ಒತ್ತಿದ.

ಬಾಗಿಲು ತೆರೆಯಿತು. ಎದುರಿಗೇ ಈರಕ್ಕ ನಿಂತಿದ್ದಳು. ಕಾಲು ಅಗಲಿಸಿ, ಎರಡೂ ಕೈಯಲ್ಲಿ ಉದ್ದನೆಯ ಕಬ್ಬಿಣದ ಹಾರೆ ಎತ್ತಿ ಹಿಡಿದಿದ್ದಳು. ಅದರ ಮೊನೆ ಬಾಗಿಲ ಸಂದಿಗೇ ಗುರಿಯಾಗಿತ್ತು. ಅಷ್ಟಕ್ಕೇ ಅವಳಿಗೆ ಏದುಸಿರು ಬಂದಿತ್ತು.

'ತೆರೀದಿದ್ರ ಮೀಟಿ ತೆಗಿಯೂಣು ಅಂತ ಮನ್ಯಾಗಿಂದ ತಂದಿದ್ದೆ,' ಅಂದಳು.

ಉಜ್ಜಿನಪ್ಪನಿಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು, ಬೀಳಲಿಲ್ಲ. ಈರಕ್ಕ ಹಾರೆಯನ್ನು ಬಾಗಿಲ ಪಕ್ಕ ಮಷೀನಿನ ಕೆಳಗೆ ಗೋಡೆಗೆ ಒರಗಿಸಿದಳು. 'ಇದು ಇಲ್ಲೇ ಇರ್ಲಿ,' ಎಂದು ಬುಟ್ಟಿ ಎತ್ತಿಕೊಂಡು, ಉಸಿರು ಬಿಗಿಹಿಡಿದು ಒಳಗೆ ಹೋದಳು.